ನನ್ನನ್ನು ಅಜ್ಜಿ ಮಾಡಿದ ಹೆಸರಿಡುವ ಯಂತ್ರಕ್ಕೆ

ಮಾನ್ಯ ಹೆಸರಿಡುವ ಯಂತ್ರದವರಿಗೆ,

ಚೀನೀ ಹೆಸರು ಬೇಕಾದ ಬಡಪಾಯಿಗಳಿಗೆ ಮೂರು ಪ್ರಶ್ನೆ ಕೇಳಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ನಾಮಕರಣ ಮುಗಿಸಿಬಿಡುವ ತಮ್ಮ ಘನ ಸನ್ನಿಧಾನಕ್ಕೆ, ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯ ಫಿಟ್ಟರ್ ಮಾಡುವ ಸವಿನಯ ನಮಸ್ಕಾರಗಳು. ತಾವು ಫೋನಿನೊಳಗೆ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನು ಕ್ಷೇಮವಾಗಿಲ್ಲ.

ಮಾನ್ಯರೇ, ನಮ್ಮಲ್ಲಿಗೆ ಚೀನಾದಿಂದ ಹೊಸ ಯಂತ್ರಗಳು ಬಂದವು; ಅವನ್ನು ಕೂರಿಸಲು ಹಿಂದೆಯೇ ಒಬ್ಬ ಇಂಜಿನಿಯರಮ್ಮನೂ ಅವರ ಮಾತು ತಿಳಿಸಲು ಒಬ್ಬ ದುಭಾಷಿಯೂ ಬಂದರು. ನಮ್ಮ ಹೆಸರುಗಳಿಗೆ ಇಂಜಿನಿಯರಮ್ಮನ ನಾಲಿಗೆ ಹೊರಳದ್ದರಿಂದ ಎಲ್ಲರೂ ಒಂದೊಂದು ಚೀನೀ ಹೆಸರು ಇಟ್ಟುಕೊಳ್ಳಬೇಕೆಂದು ಯಜಮಾನರ ಅಪ್ಪಣೆಯಾಯಿತು. ಪ್ಯಾಕಿಂಗ್ ವಿಭಾಗದಲ್ಲಿರುವ ನನ್ನ ಭಾವಮೈದುನ, ಸುತ್ತಿಗೆಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ತಿಳಿಯದವನು, ತಮ್ಮಿಂದ 'ಪರ್ವತದ ಹುಲಿ' ಎಂಬರ್ಥದ ಹೆಸರು ಪಡೆದ. ನಾನು ಮರ್ಯಾದಸ್ಥನಂತೆ 'ಹಳೆಯ ಕಾಲದ ಸೊಗಸು' ಎಂಬುದನ್ನು ಒತ್ತಿದೆ. ತಾವು 'ಚೆಂದದ ಹೂವು' ಎಂಬರ್ಥದ ಹೆಸರಿಟ್ಟು ನನ್ನನ್ನು ಹೂವು ಮಾಡಿದಿರಿ. ಆ ಹೂವು ಅವರ ನಾಡಿನಲ್ಲಿ ಎಂಬತ್ತು ದಾಟಿದ ಅಜ್ಜಿಯರ ಮುಡಿಗಷ್ಟೇ ಮೀಸಲೆಂದು ದುಭಾಷಿ ಹೊಟ್ಟೆ ಹಿಡಿದುಕೊಂಡು ನಕ್ಕು ಹೇಳಿದ ಮೇಲೆ, ಇಷ್ಟು ದೊಡ್ಡ ಮೀಸೆ ಹೊತ್ತು ಕಾರ್ಖಾನೆಯೊಳಗೆ ಕಾಲಿಡಲು ನನಗೇ ನಾಚಿಕೆಯಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ತಮ್ಮ ದೊಡ್ಡತನಕ್ಕೆ ಏನು ಕಡಿಮೆಯಾಗುತ್ತಿತ್ತು? ಮನೆತನದ ಹೆಸರೂ ಸೇರಿ ಅದು ಇಂಜಿನಿಯರಮ್ಮನನ್ನು ಸಾಕಿ ಬೆಳೆಸಿದ, ಈಗಿಲ್ಲದ ಅಜ್ಜಿಯ ಹೆಸರೇ ಆಗಿತ್ತು. ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವುದು ಅವರ ಮನೆಯಲ್ಲಿ ಮಹಾ ಅಪರಾಧವಂತೆ. ಎಲ್ಲರನ್ನೂ ಹೆಸರು ಹಿಡಿದು ಬೈಯುವ ಆಕೆ ನನ್ನ ಹತ್ತಿರ ಬಂದಾಗ ಮಾತ್ರ ಬಾಯಿ ತೆರೆದು, ಮುಚ್ಚಿ, ಮುಂದೆ ಹೋಗುತ್ತಿದ್ದರು. ಇಂಥ ಭಾಗ್ಯ ಯಾವ ಫಿಟ್ಟರ್‌ಗೆ ಸಿಕ್ಕೀತೆಂದು ತಮ್ಮನ್ನು ಹಾಡಿ ಹೊಗಳಿದೆ. ಬೈಯಲಾಗದ ಬಾಯಿಗೆ ಹೊಗಳಲೂ ಆಗದೆಂಬುದು ಹೊಳೆಯಲೇ ಇಲ್ಲ.

ನಾನು ಮದುವೆಯಾದಾಗಿನಿಂದ ಕಾಯುತ್ತಿದ್ದ ಮೇಲ್ವಿಚಾರಕನ ಹುದ್ದೆ ಯಾರಿಗೆಂದು ಯಜಮಾನರು ಎಲ್ಲರೆದುರು ಇಂಜಿನಿಯರಮ್ಮನನ್ನು ಕೇಳಿದಾಗ, ಆಕೆ ಹೆಸರು ಹೇಳಲಾರದೆ ನನ್ನ ಕಡೆಗೆ ಗದ್ದ ಎತ್ತಿದರು. ಪಕ್ಕದಲ್ಲಿದ್ದ ಹುಲಿ ತಡಮಾಡದೆ ನಡುಬಗ್ಗಿಸಿ ನಮಸ್ಕರಿಸಿತು. ಯಜಮಾನರು ಚಪ್ಪಾಳೆ ತಟ್ಟಿಯೇಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ನನ್ನ ಹೆಂಡತಿ ಊಟಕ್ಕೆ ತನ್ನ ತಮ್ಮನಿಗೇ ಮೊದಲು ಬಡಿಸುತ್ತಾಳೆ.

ಮರುದಿನ ಇಂಜಿನಿಯರಮ್ಮ ದುಭಾಷಿಯೊಂದಿಗೆ ನನ್ನ ಮೇಜಿಗೇ ಬಂದು, ಬೇರೆ ಹೆಸರಿಟ್ಟುಕೊಂಡರೆ ಅದನ್ನು ಹೇಳಿ ಯಜಮಾನರ ಮುಂದೆ ತಪ್ಪು ತಿದ್ದುವುದಾಗಿ ಹೇಳಿದರು. ಅಲ್ಲೇ ತಮ್ಮನ್ನು ತೆರೆದೆ. ತಾವು 'ಉಕ್ಕಿನ ಗರುಡ'ನನ್ನು ಮುಂದೆ ಹಿಡಿದಿರಿ, ಒತ್ತುವುದೊಂದು ಬಾಕಿ. ಆಗ ಆಕೆ, ಈ ಹೆಸರು ಹೋಗುವ ಮೊದಲು ಅದಕ್ಕೊಂದು ಮಾತು ಹೇಳಬಹುದೇ ಎಂದು ಕೇಳಿ, ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡುತ್ತ ಮೆಲ್ಲಗೆ ಏನೋ ಅಂದರು. ದುಭಾಷಿ ಈ ಸಲ ನಗಲಿಲ್ಲ. "ಅಜ್ಜೀ, ನಾನು ಬರೋದು ತಡ ಆಗೋಯ್ತು, ಕೋಪ ಮಾಡ್ಕೋಬೇಡ, ಅಂತಿದಾರೆ" ಎಂದ. ನನಗೆ ಬರುವ ಚೀನೀ ಮಾತು ಒಂದೇ, ಯಾರಾದರೂ ಕಾಲು ತುಳಿದರೆ ಹೇಳಲೆಂದು ಕಲಿತದ್ದು: ಪರವಾಗಿಲ್ಲ. ಅದನ್ನೇ ಹೇಳಿದೆ. ಆಕೆ ಬಿಕ್ಕಿ ಬಿಕ್ಕಿ ಅತ್ತರು. ಗರುಡನನ್ನು ಒತ್ತಲು ಕೈ ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಆದ್ದರಿಂದ ಅರಿಕೆಯೇನೆಂದರೆ, ಇನ್ನು ಮುಂದೆ ತಾವು ಸತ್ತವರ ಹೆಸರನ್ನು ಯಾರ ಎದೆಗೆ ಅಂಟಿಸಿದರೂ, ಸತ್ತವರ ಪರವಾಗಿ ಉತ್ತರ ಕೊಡುವ ಅಧಿಕಾರವನ್ನೂ, ಆ ಹೆಸರಿನಿಂದ ತಪ್ಪಿದ ಹುದ್ದೆಯನ್ನೂ ಜೊತೆಗೇ ದಯಪಾಲಿಸಬೇಕು; ಅದು ತಮ್ಮ ಕೈಲಾಗದಿದ್ದರೆ ನನ್ನ ಭಾವಮೈದುನನನ್ನಾದರೂ ಬೆಕ್ಕಿನ ದರ್ಜೆಗೆ ಇಳಿಸಬೇಕು.

ಇಂತಿ, ಬೈಗುಳಕ್ಕೂ ಬಡ್ತಿಗೂ ಸಿಗದ
ತಮ್ಮ ವಿಶ್ವಾಸಿ,
ಮೀಸೆಯ ಅಜ್ಜಿ

ತಾ.ಕ.: ಹೊಸ ಹೆಸರು ಹೇಗಿದೆ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ತಾವು ಬಿಡದೆ ಕೇಳುತ್ತಿದ್ದೀರಿ. ಐದನ್ನೂ ಅಜ್ಜಿಗೆ ಕೊಟ್ಟಾಗಿದೆ. ತಾವು ಹೊರಗೆ ಬಂದು ಆಕಾಶ ನೋಡಿ ಎಣಿಸಿಕೊಳ್ಳಿ.