ಭಾವನ ರೇಂಜ್‌ಫೈಂಡರಿಗೆ ಸಿಗದ ಅಕ್ಕ

ನಮ್ಮ ಭಾವ ಫೋಟೊ ತೆಗೆದು ಮುಗಿಸುವಷ್ಟರಲ್ಲಿ ತೊಟ್ಟಿಲ ಮಗು ಡ್ರೈವಿಂಗ್ ಲೈಸೆನ್ಸ್ ಪಡೆದಿರುತ್ತದೆ! ಉತ್ಪ್ರೇಕ್ಷೆ ಎನ್ನುವವರು ಪರದೇಶದಲ್ಲಿ ಅವರಿರುವ ಎರಿನ್ ಮಿಲ್ಸ್‌ಗೆ ಬಂದು ಒಮ್ಮೆ ಅವರೆದುರು ನಿಲ್ಲಲಿ. ರಿಟೈರಾದ ಇಂಜಿನಿಯರು, ಕೊರಳಲ್ಲಿ ಅವರಿಗಿಂತ ತುಸುವೇ ಚಿಕ್ಕ ವಯಸ್ಸಿನ, ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾ. ಅದರ ಕಿಂಡಿಯಲ್ಲಿ ಎದುರಿಗಿದ್ದವರ ಮೂಗು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿ ತಿರುಗಿಸಿ ಎರಡೂ ಮೂಗು ಒಂದಾದ ಮೇಲೇ ಕ್ಲಿಕ್ಕು. ಅಷ್ಟರಲ್ಲಿ ನಮ್ಮ ನಗು ಮುಖದ ಮೇಲೇ ಒಣಗಿರುತ್ತದೆ.

ಊರಿನವರನ್ನೆಲ್ಲ ಹೀಗೆ ಒಣಗಿಸಿದ ಈ ಮಹಾನುಭಾವರ ಬಳಿ ಹೆಂಡತಿಯ, ಅಂದರೆ ನಮ್ಮಕ್ಕನ, ಒಂದೇ ಒಂದು ನೆಟ್ಟಗಿನ ಫೋಟೊ ಇಲ್ಲ! ಅದೊಂದೇ ಅವರ ಕೊರಗು. "ಒಲೆ ಮೇಲೆ ಸಾರಿದೆ ರೀ" ಎಂದು ಅವಳು ಕ್ಲಿಕ್ಕಿಗೆ ಮೊದಲೇ ಪರಾರಿ. ಆಲ್ಬಮ್ಮಿನಲ್ಲಿರುವುದು ಅವಳ ಜಡೆ, ಸೆರಗು ಮತ್ತು ಒಂದು ಮೊಣಕೈ.

ಒಮ್ಮೆ ಒಶಾವಾ ಎಂಬ ಊರಿನಲ್ಲಿ ನೆಂಟರ ಮಗುವಿನ ನಾಮಕರಣ. ಈ ಕ್ಯಾಮೆರಾದಲ್ಲಿ ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಲೆನ್ಸಿಗೆ ಮುಚ್ಚಳವಿದ್ದರೂ ಕಿಂಡಿಯಲ್ಲಿ ಜಗತ್ತೆಲ್ಲ ಲಕ್ಷಣವಾಗಿ ಕಾಣುತ್ತದೆ. ಇನ್ನೇನು ಹೇಳಲಿ? ರೀಲು ತೊಳೆಸಿದರೆ ಪೂರ್ತಿ ಖಾಲಿ!

"ಮಗು ಎಲ್ಲಿ ಭಾವ?"

"ಮಗು ಅಲ್ಲೇ ಇತ್ತಪ್ಪಾ. ಬೆಳಕು ಒಳಗೆ ಹೋಗಿಲ್ಲ, ಅಷ್ಟೇ!"

ಕಳೆದ ವರ್ಷ ಲೆನ್ಸಿನ ಆ ಉಂಗುರವೂ ಒಂದೇ ದೂರಕ್ಕೆ ಬಿಗಿದುಕೊಂಡಿತು. ರಿಪೇರಿಯವನು ಕೈಯೆತ್ತಿಬಿಟ್ಟ. ಭಾವ ಬಗ್ಗುವ ಆಸಾಮಿಯೇ? "ಫೋಕಸ್ ಜನರ ಹತ್ರ ಬರ್ದೇ ಇದ್ರೆ ಜನಾನೇ ಫೋಕಸ್ ಹತ್ರ ಬರ್ಬೇಕು" ಎಂದು ಪೈಜಾಮದ ಲಾಡಿಯನ್ನು ಆ ದೂರಕ್ಕೆ ಸರಿಯಾಗಿ ಕತ್ತರಿಸಿ ಕ್ಯಾಮೆರಾಕ್ಕೆ ಕಟ್ಟಿದರು. ಗಣೇಶನ ಹಬ್ಬಕ್ಕೆ ಬಂದ ನಾವೆಲ್ಲ ಸರದಿಯಲ್ಲಿ ಲಾಡಿಯ ತುದಿಗೆ ಮೂಗು ತಾಗಿಸಿ ನಿಂತೆವು.

"ತಾತಾ, ಜಸ್ಟ್ ಯೂಸ್ ಯುವರ್ ಫೋನ್!" ಎಂದಳು ಮೊಮ್ಮಗಳು.

"ಫೋನಿಗೆ ಲಾಡಿ ಇದ್ಯೇನೇ?"

ಅಕ್ಕ ಮಾತ್ರ "ಆ ಲಾಡಿಗೆಲ್ಲ ನನ್ ಮೂಗು ಕೊಡಲ್ಲ" ಎಂದು ಅಡುಗೆಮನೆ ಸೇರಿದಳು.

ಈ ಚಳಿಗಾಲ ಭಾವನ ಕಣ್ಣು ಕೈಕೊಟ್ಟಿತು. ಒಂದು ಕಣ್ಣು ಮೊದಲೇ ಹೋಗಿತ್ತು. ಅದನ್ನವರು ಯಾರಿಗೂ ಹೇಳಿಕೊಂಡವರಲ್ಲ. ಉಳಿದದ್ದಕ್ಕೆ ಆಪರೇಷನ್. ದೃಷ್ಟಿ ಉಳಿಯಬಹುದು, ಉಳಿಯದೆಯೂ ಇರಬಹುದು ಎಂದರು ಡಾಕ್ಟರು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ನಾನು ಹೋದಾಗ, ಅಕ್ಕ ಮೈಸೂರು ರೇಷ್ಮೆ ಉಟ್ಟು ಕಿಟಕಿಯ ಬೆಳಕಿಗೆ ತಾನಾಗಿಯೇ ಬಂದು ನಿಂತಳು. "ತೆಗೀರಿ" ಎಂದಳು.

ಭಾವ ಹಿಂದೆ ಮುಂದೆ ಸರಿದು ಕಿಂಡಿಗೆ ಕಣ್ಣಿಟ್ಟರು. ಇಟ್ಟೇ ಇದ್ದರು.

"ಫೋಕಸ್ ಸಿಗ್ಲಿಲ್ವಾ ಭಾವ?"

"ಆಗ್ಲೇ ಸಿಕ್ತು ಕಣಯ್ಯಾ."

"ಮತ್ತೆ ಒತ್ತಿ!"

"ಇರು. ಫೋಟೊ ನೀವೆಲ್ಲ ನೋಡೋಕೆ. ನಾನು ಈಗ್ಲೇ ನೋಡ್ಕೊಂಡ್ಬಿಡ್ತೀನಿ."

ಅಕ್ಕನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಕೈಯೆತ್ತಿದರೆ ಮುಖ ಮರೆಯಾದೀತೆಂದು, ಅದನ್ನೂ ಒರೆಸಿಕೊಳ್ಳದೆ ನಿಂತಿದ್ದಳು.