ಮಾವನ ‘ಮಿಸ್‌ಟ್ರೌಯಿಶ್’

ನಮ್ಮ ಡಫಳಾಪುರದಲ್ಲಿ ಜರ್ಮನ್ ಬಲ್ಲವನೆಂದರೆ ನನ್ನ ಸೋದರಮಾವ ಒಬ್ಬನೇ. ಅವನಿಗೆ ಬರುತ್ತಿದ್ದದ್ದು ಒಂದೇ ಶಬ್ದ, ಆ ಮಾತು ಬೇರೆ!

ಅರವತ್ತರ ದಶಕದಲ್ಲಿ ಅವನು ಪುಣೆಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ. ಮಶೀನು ಜೋಡಿಸಲು ಬಂದ ಜರ್ಮನ್ ಸಾಹೇಬ ಬಿಗಿದ ಬೋಲ್ಟುಗಳನ್ನೆಲ್ಲ ಮಾವ ಹಿಂದಿನಿಂದ ಹೋಗಿ ಮತ್ತೆ ಬಿಗಿಯುತ್ತಿದ್ದ. ಸಾಹೇಬ ಸಿಟ್ಟಿಗೆದ್ದು “ಮಿಸ್‌ಟ್ರೌಯಿಶ್!” ಎಂದ. ಮಾವ ಅದನ್ನು ಶಾಭಾಸ್‌ಗಿರಿ ಎಂದುಕೊಂಡು ಕೈಮುಗಿದ. ಅದರರ್ಥ ‘ಯಾರನ್ನೂ ನಂಬದ, ಸಂಶಯಬುದ್ಧಿಯ’ ಅಂತ ದುಭಾಷಿ ಬಿಡಿಸಿ ಹೇಳಿದ. ಮಾವ ನಂಬುತ್ತಾನೆಯೇ? ಇನ್ನೊಬ್ಬ ದುಭಾಷಿಯನ್ನು ಹುಡುಕಿಕೊಂಡು ಹೋದ!

ನೌಕರಿ ಬಿಟ್ಟು ಊರಿಗೆ ಬಂದಾಗ ಆ ಶಬ್ದವನ್ನು ವ್ಯಾಕರಣ ಸಮೇತ ತಂದ.

“ಗಂಡಸಿನ ಮುಂದ ಬಂದ್ರ ಇದರ ಬಾಲದ ಅಕ್ಷರ ಬ್ಯಾರೆ, ಹೆಂಗಸಿನ ಮುಂದ ಬಂದ್ರ ಬ್ಯಾರೆ,” ಎಂದು ಅತ್ತೆಗೆ ಪಾಠ ಹೇಳಿದ.

ರೊಟ್ಟಿ ಬಡಿಯುತ್ತಿದ್ದ ಅತ್ತೆ, “ಹೆಂಗಸಿನ ಬಾಲ ಬಿಡ್ರಿ. ಈ ಮನ್ಯಾಗ ಆ ಗುಣ ಇರೂದು ನಿಮಗೊಬ್ಬರಿಗೇ,” ಎಂದಳು.

ಅದರ ತರ-ತಮ ರೂಪಗಳನ್ನು ನಾನು ಕಲಿತದ್ದು ಬಸ್ ಸ್ಟ್ಯಾಂಡಿನಲ್ಲಿ. ಬೋರ್ಡು ಓದಿದ ಮೇಲೂ “ಜತ್ತಿಗೆ ಹೋಗತದೇನ್ರಿ?” ಎಂದು ಕಂಡಕ್ಟರನನ್ನು ಕೇಳಿದರೆ ಮಿಸ್‌ಟ್ರೌಯಿಶ್. ಆಮೇಲೆ ಡ್ರೈವರನನ್ನೂ ಕೇಳಿದರೆ ಮಿಸ್‌ಟ್ರೌಯಿಶರ್. ಮಾವ ಇಬ್ಬರನ್ನೂ ಕೇಳಿ, ಕಿಟಕಿ ಪಕ್ಕ ಕೂತ ಮುದುಕಿಯನ್ನು ವಿಚಾರಿಸುತ್ತ ಕೆಳಗೇ ನಿಂತ, ಬಸ್ಸು ಹೋಗಿಯೇಬಿಟ್ಟಿತು. ಅದು ಎಲ್ಲಕ್ಕೂ ಮೇಲಿನ ರೂಪ, ‘ಅಮ್ ಮಿಸ್‌ಟ್ರೌಯಿಶ್‌ಸ್ಟನ್’! “ನೋಡು, ಜತ್ತಿಗೇ ಹೋತು,” ಎಂದು ಮಾವ ಧೂಳಿನಲ್ಲಿ ನಿಂತು ಸಮಾಧಾನಪಟ್ಟುಕೊಂಡ.

ಕೆಲವು ವರ್ಷಗಳ ಮೇಲೆ ಅತ್ತೆಯ ಒಂದು ಕಣ್ಣಿಗೆ ಪೊರೆ ಬಂತು. ಇನ್ನೊಂದು ಕಣ್ಣು ಮೊದಲೇ ಹೋಗಿತ್ತು. ಮಿರಜಿಯಲ್ಲಿ ಆಪರೇಶನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಮಾವ ಮಂಚದ ಪಕ್ಕದಲ್ಲೇ ಕೂತಿದ್ದ, ನಾನೂ ಜೊತೆಗಿದ್ದೆ.

“ನನಗ ಕಾಣಸ್ತದೇನ್ರಿ?” ಎಂದಳು ಅತ್ತೆ.

“ಕಾಣಸ್ತದ. ಡಾಕ್ಟರು ಹೇಳ್ಯಾರಲ್ಲ.”

“ನೀವು ನಂಬೀರೇನು?”

“ನಂಬೀನಿ.”

ಅತ್ತೆ ಗಾಬರಿಯಾದಳು. “ಅಯ್ಯ ಶಿವನೇ! ನೀವೇ ನಂಬೀರಿ ಅಂದ್ರ ನನ್ನ ಕಣ್ಣು ಹೋದಂಗನ ಬಿಡ್ರಿ!”

ನಾನು ಜೋರಾಗಿ ನಕ್ಕೆ. ಮಾವ ನಗಲಿಲ್ಲ.

“ನಂಬಲಿಲ್ಲಂದ್ರ ನಾ ಇಲ್ಲಿ ಹ್ಯಾಂಗ ಕುಂದರ್ಲಿ?” ಎಂದ.

ಪಟ್ಟಿ ಬಿಚ್ಚಿದ ದಿನ ಅತ್ತೆ ಕಣ್ಣು ಕಿರಿದು ಮಾಡಿ ಅವನನ್ನೇ ಬಹಳ ಹೊತ್ತು ನೋಡಿದಳು.

“ಇಷ್ಟ್ಯಾಕ ಸೊರಗೀರಿ?” ಎಂದಳು.

ಮಾವ ಡಾಕ್ಟರ ಎದುರಿಗೇ, ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ.