ಕಾರು ಕುಡಿದ ಸೋಬೊಲೊ

ಶನಿವಾರ ಬೆಳಿಗ್ಗೆ ಎದ್ದವನೇ ಪ್ರತಿಜ್ಞೆ ಮಾಡಿದೆ: ನನ್ನ ಕಾರಿನ ಸೋರಿಕೆಯನ್ನು ನಾನೇ ನಿಲ್ಲಿಸುತ್ತೇನೆ! ನಮ್ಮ ಸೆಕೊಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೂಗೋಳ ಕಲಿಸುತ್ತಿರುವವನು ನಾನು. ನೈಲ್, ನೈಜರ್, ವೋಲ್ಟಾ ನದಿಗಳ ಮೂಲವನ್ನು ಕಣ್ಣು ಮುಚ್ಚಿ ತೋರಿಸುವವನಿಗೆ ಒಂದು ಹನಿಯ ಮೂಲ ಸಿಗುವುದಿಲ್ಲವೇ?

ಕಾರು ಮನೆಗೆ ಬಂದು ನಾಲ್ಕು ದಿನವಾಗಿತ್ತು. ಹೊಸದೇನಲ್ಲ, ನನಗಿಂತ ಮೊದಲು ಮೂವರ ಮನೆ ಬೆಳಗಿದ್ದು. ಆದರೇನು ಗಾಂಭೀರ್ಯ! ಆನೆಯಂಥ ಮೈ, ಚರ್ಮದ ಆಸನ, ಆಕಾಶ ನೋಡಲು ಚಾವಣಿಯಲ್ಲೊಂದು ಕಿಟಕಿ. ಅದು ನಿಂತ ಜಾಗದಲ್ಲಿ ಪ್ರತಿ ಬೆಳಿಗ್ಗೆ ಕೆಂಪು ಹನಿಗಳು, ಯಾರೋ ದಳ ಉದುರಿಸಿ ಹೋದ ಹಾಗೆ. ನನಗದು ಚಂದವಾಗಿಯೇ ಕಂಡಿತ್ತು, ಅದು ಇಂಜಿನ್ ತಂಪಾಗಿಡುವ ಕೂಲೆಂಟ್ ಎಂದು ಹೆಂಡತಿ ಅರಾಬಾ ಹೇಳುವ ತನಕ.

“ಗ್ಯಾರೇಜಿನ ಫಿಟರ್ ಆಕನ್‌ನ ಕರೀರಿ,” ಎಂದಳು.

“ಬೇಡ. ಅವನು ಕಂಡಿದ್ದು ನಿಮ್ಮಮ್ಮನಿಗೆ ಗೊತ್ತಾಗದೆ ಇರುತ್ತಾ? ಅವನ ಬಾಯಿ ಈ ಕಾರಿಗಿಂತ ಹೆಚ್ಚು ಸೋರುತ್ತೆ!”

ವಿಷಯ ಅತ್ತೆಯದೇ. ನಮ್ಮಲ್ಲಿ ಯಾರಾದರೂ ಕಾರು ಕೊಂಡರೆ ಬಂಧುಬಳಗ ಬಂದು ಅದನ್ನು ‘ತೊಳೆಯಬೇಕು’. ತೊಳೆಯುವುದೆಂದರೆ ಬಕೆಟ್ಟು, ಚಿಂದಿ ಅಲ್ಲ. ಕಾರಿನ ಹೆಸರಲ್ಲಿ ಹೊಟ್ಟೆ ತುಂಬ ಕುಡಿದು ಹರಸಿ ಹೋಗುವುದು. ಅಂದು ಸಂಜೆ ನಾಲ್ಕಕ್ಕೆ ಅತ್ತೆ ಮಾಮೆ ಎಕುವಾ ಚರ್ಚಿನ ಗೆಳತಿಯರಿಬ್ಬರೊಂದಿಗೆ ತೊಳೆಯಲು ಬರುವವರಿದ್ದರು. ಕೆಟ್ಟು ನಿಂತ ನನ್ನ ಹಿಂದಿನ ಕಾರನ್ನು ಮಾರುಕಟ್ಟೆ ರಸ್ತೆಯಲ್ಲಿ ತಳ್ಳಿದ ಮಹಾತಾಯಿ ಅವರು. “ಅಳಿಯಂದ್ರೇ, ನನ್ನ ಮೊಣಕಾಲು ವಯಸ್ಸಿಗೆ ಹೋಗಿದ್ದಲ್ಲ, ನಿಮ್ಮ ಕಾರಿಗೆ ಹೋಗಿದ್ದು,” ಎಂದು ಈಗಲೂ ಹಂಗಿಸುತ್ತಾರೆ. ಈ ಸಲ ರಾಣಿಯ ಹಾಗೆ ಕೂರಿಸಿಕೊಂಡು ಎಸಿಕಾಡೊದ ಅವರ ಮನೆಬಾಗಿಲಿಗೆ ಬಿಡಬೇಕು. ಅದೊಂದೇ ನನ್ನ ಆಸೆ!

ಇಂಜಿನ್ ತಣ್ಣಗಿರುವಾಗಲೇ ಅಡಿಗೆ ನುಸುಳಿ ಕೂಲೆಂಟ್ ಇಳಿಸಿದೆ. ಹಳೆಯದಾಗಿ ಕಪ್ಪುಗೆಂಪಾಗಿತ್ತು. ಹಿಡಿಯಲು ಏನಾದರೂ ಬೇಕಲ್ಲ? ಅರಾಬಾ ತೊಳೆದು ಬೋರಲು ಹಾಕಿದ್ದ ನೀರಿನ ಬಾಟಲಿಗಳಲ್ಲಿ ಮೂರನ್ನು ಎತ್ತಿಕೊಂಡೆ. ತುಂಬಿಸಿ, ಮುಚ್ಚಳ ಬಿಗಿದು, ಅಡುಗೆಮನೆಯ ಮೆಟ್ಟಿಲ ಮೇಲೆ ನೆರಳಲ್ಲಿ ಇಟ್ಟೆ. ಆಮೇಲೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಒದ್ದೆಯಾಗಿ ಕಂಡ ಪೈಪನ್ನು ಸುತ್ತಿದೆ. ಸುತ್ತಿದ್ದೇನು, ಹಸುಗೂಸಿಗೆ ಬಟ್ಟೆ ಸುತ್ತುವ ಹಾಗೆ ಸುತ್ತಿದೆ. ಮೆಟ್ಟಿಲಿಗೆ ಹೋಗಿ ಮೂರು ಬಾಟಲಿ ತಂದು, ಚೆನ್ನಾಗಿ ಕುಲುಕಿ, ಕೊನೆಯ ಹನಿಯವರೆಗೂ ರೇಡಿಯೇಟರಿಗೆ ಸುರಿದೆ.

ಒಂದು ಗಂಟೆ ಕಳೆಯಿತು. ನೆಲ ಒಣ! ಎರಡು ಗಂಟೆ. ಒಣ! ಸಹಾರಾ ಕೂಡ ಇಷ್ಟು ಒಣಗಿರಲಾರದು!

“ಬಾ, ನೋಡು!” ಎಂದು ಕೂಗಿದೆ.

“ಪುರುಸೊತ್ತಿಲ್ಲ,” ಒಳಗಿನಿಂದ ಉತ್ತರ ಬಂತು. “ಒಂದ್ಸಲ ಮಾಡಿದ ಕೆಲಸಾನೇ ಎರಡ್ಸಲ ಮಾಡ್ತಾ ಇದ್ದೀನಿ.”

ಆ ಮಾತಿನ ಅರ್ಥ ಆಗಲೇ ಕೇಳಬೇಕಿತ್ತು. ಗೆದ್ದವನಿಗೆ ಕಿವಿ ಎಲ್ಲಿ?

ನಾಲ್ಕಕ್ಕೆ ಸರಿಯಾಗಿ ಅತ್ತೆ ಬಂದರು, ಹಾಲಿನಂಥ ಬಿಳಿ ಬಟ್ಟೆಯಲ್ಲಿ. ಹಿಂದೆ ಗೆಳತಿಯರು. ಅವರ ಹಿಂದೆ, ಚರ್ಚಿನಲ್ಲಿ ಡೋಲು ಬಾರಿಸುವ ಆಕನ್. ಅರಾಬಾ ತಟ್ಟೆಯಲ್ಲಿ ಲೋಟಗಳನ್ನಿಟ್ಟು ಕಪ್ಪುಗೆಂಪು ಸೋಬೊಲೊ ಪಾನಕ ತಂದಳು. ಕೆಂಪು ಪುಂಡಿಯ ಒಣಹೂವು, ಶುಂಠಿ, ಲವಂಗ, ಅನಾನಸ್ ಸಿಪ್ಪೆ ಹಾಕಿ ಅವಳು ಕುದಿಸುವ ಸೋಬೊಲೊ ನಮ್ಮ ಬೀದಿಗೇ ಹೆಸರುವಾಸಿ. ಅತ್ತೆ ಒಂದು ಲೋಟ ಗಟಗಟನೆ ಮುಗಿಸಿ ಎರಡನೆಯದಕ್ಕೆ ಕೈ ಚಾಚಿದರು.

“ಗಾಡಿ ಸದ್ದು ಕೇಳಿಸಿ ಅಳಿಯಂದ್ರೇ. ಆಮೇಲೆ ಪ್ರಾರ್ಥನೆ.”

ಠೀವಿಯಿಂದ ಚಾಲೂ ಮಾಡಿದೆ. ಮುಂದಿನ ಮುಚ್ಚಳ ಎತ್ತಿ ಎದೆಯುಬ್ಬಿಸಿ ನಿಂತೆ. ಇಂಜಿನ್ ಗುಂಯ್‌ಗುಟ್ಟಿತು, ಮೆಲ್ಲನೆ ಬಿಸಿಯಾಯಿತು. ಆಗ ಒಂದು ವಾಸನೆ ಎದ್ದಿತು. ಪೆಟ್ರೋಲಲ್ಲ. ರಬ್ಬರಲ್ಲ. ಶುಂಠಿ! ಅದರ ಬೆನ್ನಿಗೇ ಲವಂಗ!

ಸೋಬೊಲೊ ರೇಡಿಯೇಟರಿನಲ್ಲಿದ್ದರೆ, ಲೋಟದಲ್ಲಿರುವುದು...? ಕೂಲೆಂಟ್ ವಿಷವೆಂದು ನನಗೆ ಗೊತ್ತು. ಇತ್ತ ಅತ್ತೆ ಎರಡನೇ ಲೋಟ ಎತ್ತಿ ಹಿಡಿದು, ಕಣ್ಣು ಮುಚ್ಚಿ, “ದೇವರೇ, ಈ ನನ್ನ ಅಳಿಯನಿಗೆ ದೀರ್ಘಾಯುಷ್ಯ ಕೊಡು,” ಎನ್ನುತ್ತಿದ್ದರು.

“ಅತ್ತೇ! ಕುಡೀಬೇಡಿ!”

ಹಾರಿದೆ. ಲೋಟಕ್ಕೆ ಹೊಡೆದೆ. ಬಿಳಿ ಬಟ್ಟೆಯ ಮೇಲೆ ಕೆಂಪು ಹೊಳೆ ಹರಿಯಿತು. ಗೆಳತಿಯರು ಚೀರಿದರು. ನಾನು ಅತ್ತೆಯ ಕಾಲ ಬಳಿ ಕುಸಿದು ಸೋರಿಕೆ, ಬಾಟಲಿ, ರಬ್ಬರ್ ಪಟ್ಟಿ ಎಲ್ಲವನ್ನೂ ಒಪ್ಪಿಕೊಂಡೆ. “ಆಸ್ಪತ್ರೆಗೆ ನಡೀರಿ! ನನ್ನ ಜಂಬದಿಂದ ನಿಮ್ಮ ಪ್ರಾಣಕ್ಕೇ ಕುತ್ತು ತಂದೆ! ಬೇಕಾದ್ರೆ ಹೊತ್ಕೊಂಡು ಹೋಗ್ತೀನಿ!” ಹೇಳುತ್ತ ನಿಜವಾಗಿಯೂ ಅತ್ತುಬಿಟ್ಟೆ. ಬೈದರೂ ಇಪ್ಪತ್ತು ವರ್ಷ ನನಗೆ ಎಲ್ಲಕ್ಕಿಂತ ರುಚಿಯಾದ ಮೀನಿನ ತಲೆಯನ್ನೇ ಬಡಿಸಿದ ಕೈ ಅದು.

ಅರಾಬಾ ಸೊಂಟಕ್ಕೆ ಕೈಯಿಟ್ಟಳು.

“ಏಳ್ರೀ ಮೇಲೆ! ಮೂಸಿ ನೋಡದೆ ನಾನು ಏನನ್ನೂ ಲೋಟಕ್ಕೆ ಬಗ್ಗಿಸಲ್ಲ. ಮೆಟ್ಟಿಲ ಮೇಲೆ ಉಳಿದಿದ್ದ ಮೂರು ಬಾಟಲಿ ಮೂಸಿದೆ, ಗ್ಯಾರೇಜಿನ ನಾತ. ಪೆಟ್ಟಿಗೇಲಿಟ್ಟು ಬೀಗ ಜಡಿದಿದ್ದೀನಿ. ಇನ್ನೊಂದ್ಸಲ ಸೋಸೋಣ ಅಂತ ಅಂಥದೇ ಮೂರು ಬಾಟಲೀಲಿ ಅಲ್ಲೇ ಇಟ್ಟಿದ್ದ ನನ್ನ ಸೋಬೊಲೊ ಮಾಯ! ಇದು ಎರಡನೇ ಪಾತ್ರೆ.”

“ಅಂದ್ರೆ... ಅತ್ತೆ ಕುಡಿದಿದ್ದು?”

“ಸೋಬೊಲೊ!”

ಆ ಗಳಿಗೆಯಲ್ಲಿ ಗಾಳಿ ಕೂಡ ಸಿಹಿಯಾಗಿತ್ತು. ಅತ್ತೆಯ ಎರಡೂ ಕೈ ಹಿಡಿದುಕೊಂಡೆ, ಬೆಚ್ಚಗಿದ್ದವು.

ಅಷ್ಟರಲ್ಲಿ ಇಂಜಿನ್ ಆರಿಸಿ ಟಾರ್ಚು ಹಿಡಿದು ಕಾರಿನಡಿಗೆ ಹೋಗಿದ್ದ ಆಕನ್ ಹೊರಬಂದ. “ಮೇಷ್ಟ್ರೇ, ಪಟ್ಟಿ ಭದ್ರವಾಗಿ ಕಟ್ಟಿದ್ದೀರಿ.”

“ಹೌದಾ?” ಕಣ್ಣೊರೆಸಿಕೊಂಡೆ.

“ಹೂಂ. ಆದ್ರೆ ಚೆನ್ನಾಗಿದ್ದ ಪೈಪಿಗೆ. ತೂತು ಇರೋದು ರೇಡಿಯೇಟರಿನ ಮೂಲೇಲಿ. ಅಲ್ಲಿಗೆ ಅರಾಬಾ ಅಕ್ಕನ ಶುಂಠಿ ಚರಟ ಹೋಗಿ ಕೂತಿದೆ. ಎಸಿಕಾಡೊಗೆ ನಿಧಾನವಾಗಿ ಹೋಗಿ ಬನ್ನಿ, ಅಷ್ಟಕ್ಕೆ ತಡೆಯುತ್ತೆ. ಸೋಮವಾರ ನನ್ನ ಹತ್ರ ತನ್ನಿ, ಒಳಗೆಲ್ಲ ಸಕ್ಕರೆ ಅಂಟಿರುತ್ತೆ.”

ಅತ್ತೆ ಕೆಂಪಾದ ಬಟ್ಟೆಯನ್ನು ಕೊಡವಿಕೊಂಡು ಮುಂದಿನ ಆಸನದಲ್ಲಿ ರಾಣಿಯಂತೆಯೇ ಕೂತರು. “ನಾವು ತೊಳೆಯೋಕೆ ಬಂದ್ರೆ ಗಾಡಿ ತಾನೇ ಮೊದಲು ಕುಡಿದು ಕೂತಿದೆ! ನೀವಾದ್ರೂ ಎಚ್ಚರವಾಗಿ ಓಡಿಸಿ ಅಳಿಯಂದ್ರೇ.”

ಅರಾಬಾ ಕಿಟಕಿಯಿಂದ ಒಂದು ಕೆಂಪು ಬಾಟಲಿ ಚಾಚಿದಳು. “ದಾರಿಗೆ ಇರ್ಲಿ.”

“ಅತ್ತೆಗಾ?”

“ಕಾರಿಗೆ!”

ಬಾಟಲಿಯ ಮುಚ್ಚಳ ತೆರೆದೆ, ಎಲ್ಲರೆದುರು ಚೆನ್ನಾಗಿ ಮೂಸಿ ನೋಡಿದೆ, ಆಮೇಲೆ ಗಾಡಿ ಹೊರಡಿಸಿದೆ.